ಲ್ಯಾಬಣ್ಣ ಕೇಳದೇ ಹೋದ ಮಾತು

ಲ್ಯಾಬಣ್ಣ ತೀರಿಹೋದ ಸುದ್ದಿ ನನಗೆ ತಲುಪುವ ಹೊತ್ತಿಗೆ ಅವರ ಹನ್ನೊಂದನೆಯ ದಿನದ ಕಾರ್ಯವೂ ಮುಗಿದಿತ್ತು. ನಾನಾಗ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಸರ್ಜನ್ ಆಗಿ ಹೊಸದಾಗಿ ಸೇರಿದ್ದೆ. ದೊಡ್ಡಬಳ್ಳಾಪುರದಿಂದ ಅಮ್ಮ ಫೋನು ಮಾಡಿ ಮೊದಲು ತನ್ನ ಮಂಡಿನೋವು ಹೇಳಿಕೊಂಡಳು, ಆಮೇಲೆ ಪಕ್ಕದ ಮನೆಯ ಮದುವೆ ಮಾತುಕತೆ ಮುರಿದುಬಿದ್ದದ್ದನ್ನು ಹೇಳಿದಳು, ಇನ್ನೇನು ಫೋನು ಇಡಬೇಕು ಅನ್ನುವಾಗ, "ನಿಮ್ಮ ಕಾಲೇಜಲ್ಲಿ ಕಪ್ಪೆ ಹಿಡೀತಿದ್ರಲ್ಲ, ಅವರು ಹೋಗ್ಬಿಟ್ರಂತೆ ಕಣೋ" ಎಂದಳು. ಅವಳಿಗೆ ಅದು ಊರಿನ ನಾಲ್ಕು ಸುದ್ದಿಗಳಲ್ಲಿ ಒಂದು. ನಾನು ಆ ದಿನ ಮಧ್ಯಾಹ್ನದ ಓಪಿಡಿಯಲ್ಲಿ ಒಬ್ಬ ರೋಗಿಯ ಚೀಟಿಯ ಮೇಲೆ ಇನ್ನೊಬ್ಬನ ಔಷಧಿ ಬರೆದೆ. ನರ್ಸ್ ನೋಡಿ ತಿದ್ದಿಸಿದರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ಗುರುತು ಹಿಡಿಯುವವರು ಕಡಿಮೆ. ನಮ್ಮೂರಿನ ಜೂನಿಯರ್ ಕಾಲೇಜಿನಲ್ಲಿ ಜೀವಶಾಸ್ತ್ರದ ಲ್ಯಾಬಿಗೆ ಅವರು ಅಟೆಂಡರ್ ಆಗಿದ್ದರು, ನಮಗೆಲ್ಲ ಲ್ಯಾಬಣ್ಣ. ಕಾಲೇಜು ಶುರುವಾದ ಮೊದಲ ವಾರ ಹೊಸ ಹುಡುಗರು ಅವರ ದಪ್ಪ ಕನ್ನಡಕ ನೋಡಿ ಲೆಕ್ಚರರೇ ಇರಬೇಕೆಂದುಕೊಂಡು ಎದ್ದು ನಿಲ್ಲುತ್ತಿದ್ದರು. ಅವರು ಕೈಯಲ್ಲಿದ್ದ ಟ್ರೇ ಕೆಳಗಿಟ್ಟು, "ಕೂತ್ಕೊಳ್ರಪ್ಪಾ. ಸಾರ್ ಒಳಗವ್ರೆ. ನಾನು ಬಾಟ್ಲಿ ತೊಳೆಯೋನು" ಎನ್ನುತ್ತಿದ್ದರು. ಅದರಲ್ಲಿ ವಿನಯವೂ ಇರಲಿಲ್ಲ, ಕೊರಗೂ ಇರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುವುದು ಅವರ ಅಭ್ಯಾಸ.

ಬಾಟ್ಲಿ ತೊಳೆಯುವುದಷ್ಟೇ ಅಲ್ಲ, ಅವರ ಕೆಲಸ ಅರ್ಧ ಕೆರೆಯಲ್ಲಿತ್ತು. ಕಪ್ಪೆಯ ಡಿಸೆಕ್ಷನ್ ಇರುವ ವಾರ ಬೆಳಗ್ಗೆ ಗೋಣಿಚೀಲ ಹಿಡಿದು ಪ್ಯಾಂಟು ಮಡಚಿಕೊಂಡು ಕೆರೆಯಂಚಿಗೆ ಹೋಗುತ್ತಿದ್ದರು. ಎಷ್ಟು ಹುಡುಗರಿದ್ದಾರೋ ಅಷ್ಟೇ ಕಪ್ಪೆ, ಒಂದೂ ಹೆಚ್ಚಿಲ್ಲ. ಒಬ್ಬ ಹುಡುಗ ಗೈರುಹಾಜರಾದರೆ ಉಳಿದ ಕಪ್ಪೆಯನ್ನು ಮತ್ತೆ ಕೆರೆಗೆ ಬಿಟ್ಟು ಬರುತ್ತಿದ್ದರು. ಕ್ಲಾಸು ಮುಗಿದ ಮೇಲೆ ಕೊಯ್ದ ಕಪ್ಪೆಗಳನ್ನು ಲ್ಯಾಬಿನ ಹಿಂದಿನ ಹೊಂಗೆ ಮರದ ಬುಡದಲ್ಲಿ ಹೂಳಿ, ಮೇಲೊಂದು ಚೊಂಬು ನೀರು ಹಾಕುವರು. ನಾವು ಕಿಟಕಿಯಿಂದ ನೋಡಿ ನಗುತ್ತಿದ್ದೆವು. ಒಮ್ಮೆ ನಾನೇ, "ತಿಥಿ ಯಾವಾಗ ಲ್ಯಾಬಣ್ಣಾ?" ಎಂದು ಕೇಳಿದ್ದೆ. ಅವರು ಕೈ ತೊಳೆದುಕೊಳ್ಳುತ್ತಾ, "ಪಾಸಾಗೋರು ನೀವು, ಸಾಯೋವು ಅವು. ಒಂದು ಚೊಂಬು ನೀರಾದ್ರೂ ಬೇಡ್ವೇನಪ್ಪಾ?" ಎಂದರು. ಆಮೇಲೆ ನಾನು ಆ ತಮಾಷೆ ಮಾಡಲಿಲ್ಲ.

ಇಪ್ಪತ್ತು ವರ್ಷ ಫಾರ್ಮಲಿನ್ ಜಾಡಿಗಳ ನಡುವೆ ಕಳೆದು ಅವರ ಮೂಗು ಸತ್ತೇ ಹೋಗಿತ್ತು. ಮಲ್ಲಿಗೆ, ಮಣ್ಣೆಣ್ಣೆ, ಹಳಸಿದ ಸಾರು ಎಲ್ಲವೂ ಅವರಿಗೆ ಒಂದೇ. ಮನೆಯಲ್ಲಿ ಹೆಂಡತಿ ಹಬ್ಬದ ದಿನ ಒಬ್ಬಟ್ಟು ಮಾಡಿದರೆ ಮಗಳು ಪಕ್ಕದಲ್ಲಿ ಕೂತು, "ಏಲಕ್ಕಿ ಜಾಸ್ತಿ ಬಿದ್ದೈತೆ ಅಪ್ಪಾ, ತುಪ್ಪ ಘಮ್ ಅಂತೈತೆ" ಎಂದು ಹೇಳಬೇಕಿತ್ತಂತೆ. ಅದನ್ನು ಅವರು ಲ್ಯಾಬಿನಲ್ಲಿ ನಮಗೆ ಹೇಳುವಾಗ ಒಬ್ಬಟ್ಟಿಗಿಂತ ಮಗಳ ಮಾತೇ ಅವರ ಬಾಯಲ್ಲಿ ಸಿಹಿಯಾಗಿರುತ್ತಿತ್ತು.

ಆ ಮಗಳನ್ನು ನಾವ್ಯಾರೂ ನೋಡಿರಲಿಲ್ಲ. ಓದಿನಲ್ಲಿ ಚುರುಕು ಎಂದು ಕೇಳಿದ್ದೆವು. ನಮ್ಮದೇ ವಯಸ್ಸು, ನಮ್ಮದೇ ಕಾಂಬಿನೇಷನ್, ಆದರೆ ಓದುತ್ತಿದ್ದದ್ದು ನಮ್ಮ ಜಿಲ್ಲೆಯದೇ ವಿಜಯಪುರದಲ್ಲಿ, ರೇಷ್ಮೆ ಹುರಿ ಮಾಡುವ ಮೆಷಿನ್ನು ಇಟ್ಟುಕೊಂಡಿದ್ದ ಸೋದರಮಾವನ ಮನೆಯಲ್ಲಿ ಇದ್ದುಕೊಂಡು. ಮನೆ ಮುಂದೆಯೇ ಕಾಲೇಜಿರುವಾಗ ಮಗಳನ್ನು ಅಷ್ಟು ದೂರ ಯಾಕೆ ಕಳಿಸಿದಿರಿ ಎಂದು ನಮ್ಮ ಲೆಕ್ಚರರು ಕೇಳಿದ್ದಕ್ಕೆ ಲ್ಯಾಬಣ್ಣ, "ಇಲ್ಲಿ ಪ್ರಾಕ್ಟಿಕಲ್‌ನಲ್ಲಿ ಅವಳಿಗೆ ಒಳ್ಳೆ ಮಾರ್ಕ್ಸ್ ಬಂದ್ರೆ ನಾಳೆ ನಾಲ್ಕು ಜನ ಏನಂತಾರೆ ಸಾರ್? ಅವಳು ಓದಿ ತಗೊಂಡಿದ್ದೂ ಅಪ್ಪ ಕೊಡ್ಸಿದ್ದು ಅಂತ ಆಗೋಗುತ್ತೆ" ಎಂದಿದ್ದರು. ಲೆಕ್ಚರರು ತಲೆ ಕೊಡವಿಕೊಂಡು ಒಳಗೆ ಹೋದರು. ಲ್ಯಾಬಿನ ಸ್ಪಿರಿಟ್ ವಿಷಯದಲ್ಲೂ ಅವರು ಹೀಗೆಯೇ. ಒಂದು ಸಲ ಬೀಕರ್ ಒಡೆದು ಅಂಗೈ ಸೀಳಿಹೋಗಿತ್ತು. ಕಪಾಟಿನಲ್ಲಿ ಅಷ್ಟು ದೊಡ್ಡ ಸ್ಪಿರಿಟ್ ಬಾಟ್ಲಿ ಇಟ್ಟುಕೊಂಡು ಕೈಗೆ ಟವಲು ಸುತ್ತಿಕೊಂಡು ಸರ್ಕಾರಿ ಆಸ್ಪತ್ರೆಗೆ ನಡೆದುಹೋದರು. ಅದು ಹುಡುಗರ ಕೋಟಾ, ನನಗಲ್ಲ ಎಂದರು. ಇದು ಅತಿಯಾಯಿತು ಎಂದು ನನಗೆ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

ನನ್ನನ್ನು ಡಾಕ್ಟರ್ ಮಾಡಿದ್ದು ಅವರೇ ಎಂದರೆ ಮನೆಯಲ್ಲಿ ಅಪ್ಪನಿಗೆ ಬೇಜಾರಾಗುತ್ತಿತ್ತು, ಆದರೆ ನಿಜ ಅದೇ. ನಮ್ಮದು ನೇಯ್ಗೆಯ ಮನೆ. ನಡುಮನೆಯಲ್ಲಿ ನಾಲ್ಕು ಪವರ್‌ಲೂಮ್, ಅವುಗಳ ಸದ್ದಿನಲ್ಲೇ ಹುಟ್ಟಿ, ಅವುಗಳ ಸದ್ದಿನಲ್ಲೇ ಮಗ್ಗಿ ಕಲಿತವನು ನಾನು. ಉದ್ದನೂಲಿನ ಹಾಸಿನಲ್ಲಿ ಎಳೆ ಹರಿದರೆ ಮಗ್ಗ ನಿಲ್ಲಿಸಿ ಎರಡು ಬೆರಳಲ್ಲಿ ಗಂಟು ಹಾಕುವುದು ನನ್ನ ಪಾಲಿನ ಕೆಲಸ. ಪಿಯುಸಿ ಎರಡನೇ ವರ್ಷ, ಕಪ್ಪೆಯ ರಕ್ತನಾಳ ಬಿಡಿಸುವ ದಿನ ಪಕ್ಕದ ಹುಡುಗನ ಕೈ ತಗುಲಿ ನನ್ನ ಕತ್ತರಿ ಜಾರಿ ಟ್ರೇ ತುಂಬಾ ರಕ್ತವಾಯಿತು. ನಾನು ಅವಸರದಲ್ಲಿ ಒರೆಸಲು ಹೋದೆ. ಲ್ಯಾಬಣ್ಣ ಬಂದು ನನ್ನ ಮಣಿಕಟ್ಟು ಹಿಡಿದು, "ನಿಲ್ಲು. ಮೊದ್ಲು ಎಲ್ಲಿಂದ ಬರ್ತೈತೆ ನೋಡು" ಎಂದರು. ನೋಡಿದೆ. ಹೊಲಿಗೆ ದಾರದ ತುಂಡು ಕೊಟ್ಟರು. ಮನೆಯಲ್ಲಿ ಹಾಕುವ ಗಂಟನ್ನೇ ಆ ನಾಳಕ್ಕೆ ಹಾಕಿದೆ, ರಕ್ತ ನಿಂತಿತು. ಅವರು ಸ್ವಲ್ಪ ಹೊತ್ತು ನನ್ನ ಬೆರಳನ್ನೇ ನೋಡಿ, "ಲೇ, ಈ ಕೈ ಇಟ್ಕೊಂಡು ಬಿ.ಕಾಂ. ಮಾಡ್ತೀನಿ ಅಂತೀಯಲ್ಲೋ" ಎಂದರು. ಮರುದಿನ ಪ್ರವೇಶ ಪರೀಕ್ಷೆಯ ಎರಡು ಅರ್ಜಿ ತಂದು ನನ್ನ ಮುಂದೆ ಇಟ್ಟರು. ಒಂದು ನಮ್ಮ ರಾಜ್ಯದ್ದು, ಇನ್ನೊಂದು ಇಡೀ ದೇಶದ್ದು.

ಆ ದಿನಗಳಲ್ಲಿ ನಮ್ಮೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಒಬ್ಬ ಹಿರಿಯ ಸರ್ಜನ್ ಇದ್ದರು, ಮಹಾರಾಷ್ಟ್ರದ ಒಂದು ಹಳೆಯ ಕಾಲೇಜಿನಲ್ಲಿ ಕಲಿತವರು. ಸೀಳಿದ ಅಂಗೈಗೆ ಹೊಲಿಗೆ ಹಾಕಿದ್ದು ಅವರೇ. ಅದಾದ ಮೇಲೆ ಲ್ಯಾಬಣ್ಣನಿಗೆ ಆ ಕಾಲೇಜೆಂದರೆ ಒಂದು ಥರ ಭಕ್ತಿ. ತಮ್ಮ ಅಂಗೈ ತೋರಿಸಿ ತೋರಿಸಿ ಹೇಳುತ್ತಿದ್ದರು. "ನೋಡಪ್ಪಾ, ಹೊಲಿಗೆ ಎಲ್ಲೈತೆ ಹೇಳು ನೋಡೋಣ? ಅಲ್ಲಿ ಕಲ್ತೋರ ಕೈಯೇ ಬೇರೆ. ಸಿಕ್ಕಿದ್ರೆ ಅಂಥ ಕಡೆ ಸಿಗಬೇಕು."

ಸಿಕ್ಕಿತು. ಅದೇ ಕಾಲೇಜು. ಆದರೆ ಅದಕ್ಕೂ ಮೊದಲೇ ಬೆಂಗಳೂರಿನ ಒಂದು ಕಾಲೇಜಿನಲ್ಲಿ ನಮ್ಮ ರಾಜ್ಯದ ಸೀಟು ಸಿಕ್ಕಿ, ಅಪ್ಪ ಫೀಸು ಕಟ್ಟಿ, ನನ್ನ ಒರಿಜಿನಲ್ ಮಾರ್ಕ್ಸ್ ಕಾರ್ಡುಗಳನ್ನು ಅಲ್ಲಿ ಕೊಟ್ಟು ಬಂದಿದ್ದರು. ಮೂರು ವಾರದ ಮೇಲೆ ಎರಡನೆಯ ಪತ್ರ ಬಂತು. ಒಬ್ಬ ಹುಡುಗ, ಎರಡು ಸೀಟು. ಬೀದಿಯವರೆಲ್ಲ ಬಂದು ನೋಡಿಕೊಂಡು ಹೋದರು. ನಕಲುಗಳಿಗೆ ಪ್ರಿನ್ಸಿಪಾಲರ ಸಹಿ ಹಾಕಿಸಲು ಕಾಲೇಜಿಗೆ ಹೋದಾಗ ಸಹಿಯ ಕೆಳಗೆ ಮೊಹರು ಒತ್ತಿದ್ದು ಲ್ಯಾಬಣ್ಣ. ಎರಡೂ ಪತ್ರ ಓದಿಸಿಕೊಂಡು ಕೇಳಿದರು. ಕನ್ನಡಕ ತೆಗೆದು ಒರೆಸಿಕೊಂಡರು. "ಎರಡೂ ಬಂತೇನಪ್ಪಾ. ಒಳ್ಳೇದಾಗ್ಲಿ" ಎಂದರು. ಮಗಳೂ ರಾಜ್ಯದ ಪರೀಕ್ಷೆ ಬರೆದಿದ್ದಾಳೆ, ಅವಳ ಹೆಸರು ವೇಯ್ಟಿಂಗ್ ಲಿಸ್ಟಿನಲ್ಲಿದೆ ಎಂದು ಹೇಳಲಿಲ್ಲ. ನಾನೂ ಕೇಳಲಿಲ್ಲ. ಹದಿನೆಂಟು ವರ್ಷದವನಿಗೆ ತನ್ನ ಪತ್ರ ಬಿಟ್ಟು ಬೇರೆ ಯಾರ ಪತ್ರವೂ ನೆನಪಾಗುವುದಿಲ್ಲ.

ಮನೆಯಲ್ಲಿ ಜಗಳ ಶುರುವಾಯಿತು. ನಮ್ಮ ಸೀರೆಗಳು ಹೋಗುತ್ತಿದ್ದ ಕಡೆಯ ವ್ಯಾಪಾರಿಗಳಿಂದ ಅಪ್ಪ ಆ ದೂರದ ಕಾಲೇಜಿನ ಹೆಸರು ಕೇಳಿದ್ದರು, ಅವರಿಗೆ ಅದೇ ಆಗಬೇಕು. ಅಮ್ಮನಿಗೆ ಬೆಂಗಳೂರು. ಬಸ್ಸು ಹತ್ತಿದರೆ ಒಂದೂವರೆ ಗಂಟೆಗೆ ಮಗನ ಮುಖ ನೋಡಬಹುದು. ನನಗೆ ದೂರದ್ದೇ ಬೇಕಿತ್ತು. ಲ್ಯಾಬಣ್ಣನ ಅಂಗೈ ನೋಡಿ ನೋಡಿ ಆ ಹುಚ್ಚು ನನಗೂ ಹತ್ತಿತ್ತು. ಆದರೆ ಎರಡನೆಯ ಪತ್ರ ಬಂದದ್ದು ಆಷಾಢ ಹುಟ್ಟಿದ ಮೂರನೆಯ ದಿನ. ನಮ್ಮ ಮನೆಯಲ್ಲಿ ಆಷಾಢದಲ್ಲಿ ಮಗ್ಗಕ್ಕೆ ಹೊಸ ಹಾಸನ್ನೂ ಏರಿಸುತ್ತಿರಲಿಲ್ಲ, ಇನ್ನು ಮಗನ ಭವಿಷ್ಯ ಏರಿಸುವುದುಂಟೇ? ದೂರದ ಕಾಲೇಜಿಗೆ ಸೇರಲು ಶ್ರಾವಣದವರೆಗೆ ಸಮಯವಿತ್ತು. ಆಷಾಢ ಕಳೆಯಲಿ, ಅಲ್ಲಿಯವರೆಗೆ ಎರಡೂ ಇರಲಿ ಎಂದರು ಅಪ್ಪ.

ನಾನು ಒಂದು ವಾದ ಹುಡುಕಿದೆ. "ಸೇರೋದು ತಾನೇ ಹೊಸ ಕೆಲಸ? ಬೆಂಗಳೂರಿಂದು ಬಿಡೋದು ಹೊಸ ಕೆಲಸ ಅಲ್ವಲ್ಲಪ್ಪಾ. ಬಿಟ್ಟು ನನ್ನ ಕಾರ್ಡು ತಗೊಂಡು ಬಂದ್ಬಿಡೋಣ, ಸೇರೋದು ಶ್ರಾವಣದಲ್ಲಿ ಸೇರೋಣ" ಎಂದೆ. ಅಪ್ಪ ಎರಡು ದಿನ ಯೋಚಿಸಿದರು. ಮೂರನೆಯ ದಿನ ಭಾನುವಾರ, "ನೀನು ಹೇಳೋದೂ ಸರಿಯೇ. ನಾಳೆ ಹೋಗ್ಬರೋಣ" ಎಂದರು. ಅಮ್ಮ ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿದಳು. ಆ ಹೊತ್ತಿಗೆ ಬಾಗಿಲಲ್ಲಿ ಲ್ಯಾಬಣ್ಣ ನಿಂತಿದ್ದರು.

ಅವರು ನಮ್ಮ ಮನೆಗೆ ಬಂದದ್ದು ಅದೊಂದೇ ಸಲ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಲ್ಯಾಬಿನಲ್ಲಿ ಬಿಟ್ಟಿದ್ದ ನನ್ನ ರೆಕಾರ್ಡ್ ಪುಸ್ತಕ ಕೈಯಲ್ಲಿತ್ತು, ಕೊಟ್ಟು ಹೋಗೋಣ ಅಂತ ಬಂದೆ ಎಂದರು. ಆ ಪುಸ್ತಕ ಇನ್ನು ನನಗೆ ಯಾವುದಕ್ಕೂ ಬೇಕಿರಲಿಲ್ಲ, ಅದು ಅವರಿಗೂ ಗೊತ್ತಿತ್ತು. ಕರೆಂಟು ಹೋಗಿ ಮಗ್ಗಗಳು ನಿಂತಿದ್ದರಿಂದ ಮಾತು ಕೇಳಿಸುತ್ತಿತ್ತು. ಆದರೂ ಅಪ್ಪ ಅಭ್ಯಾಸಬಲದಿಂದ ಕೂಗಿಕೊಂಡೇ ಮಾತಾಡಿದರು. ಲ್ಯಾಬಣ್ಣ ಬೆಂಚಿನ ತುದಿಯಲ್ಲಿ ಕೂತರು. ಅಮ್ಮ ಕಾಫಿ ತಂದುಕೊಟ್ಟು ಡಿಕಾಕ್ಷನ್ ಸರಿಯಾಗಿದೆಯೇ ಎಂದು ಕೇಳಿದಳು. "ನಂಗೆ ವಾಸನೆ ಗೊತ್ತಾಗಲ್ಲ ತಾಯಿ, ಬಿಸಿ ಇದ್ರೆ ಸಾಕು" ಎಂದರು.

ಲೋಟ ಖಾಲಿಯಾದ ಮೇಲೂ ಕೈಯಲ್ಲೇ ಹಿಡಿದುಕೊಂಡು ಕೇಳಿದರು. "ಯಜಮಾನ್ರೇ, ಸೀಟಿಂದು ಏನು ತೀರ್ಮಾನ ಮಾಡಿದ್ರಿ?"

"ನೋಡ್ತಾ ಇದೀವಿ. ಇವನು ಬೆಂಗಳೂರಿಂದು ಬಿಟ್ಬಿಡೋಣ ಅಂತಾನೆ."

"ಬಿಡೋದಾದ್ರೆ…" ಎಂದರು ಲ್ಯಾಬಣ್ಣ. ಮುಂದೆ ಏನೋ ಇತ್ತು. ಅಷ್ಟರಲ್ಲಿ ಅಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ಅವರ ಮುಂದೆ ಕೈಮುಗಿದು ನಿಂತಳು.

"ಅಣ್ಣಾ, ನೀವು ಎಷ್ಟೋ ಮಕ್ಕಳನ್ನ ನೋಡಿದೀರಾ. ಇವರಪ್ಪನಿಗೂ ಗೊತ್ತಾಗಲ್ಲ, ನನಗೂ ಗೊತ್ತಾಗಲ್ಲ. ನಿಮ್ಮ ಮಗ ಅಂತ ತಿಳ್ಕೊಂಡು ಹೇಳಿ. ಯಾವುದು ಬಿಡ್ಬೇಕು, ಯಾವುದು ಇಟ್ಕೋಬೇಕು? ನೀವು ಹೇಳಿದಂಗೇ ಮಾಡ್ತೀವಿ."

ನಾನು ಗೆದ್ದೆ ಅಂದುಕೊಂಡೆ. ಲ್ಯಾಬಣ್ಣ ಏನು ಹೇಳುತ್ತಾರೆಂದು ನನಗೆ ಗೊತ್ತಿತ್ತಲ್ಲ. ಅವರು ತಮ್ಮ ಅಂಗೈ ನೋಡಿಕೊಂಡರು. ಲೋಟವನ್ನು ಬೆಂಚಿನ ಕೆಳಗೆ ಇಟ್ಟು, ಅಮ್ಮನ ಮುಖ ನೋಡದೆ ಹೇಳಿದರು. "ಬೆಂಗಳೂರೇ ಇರ್ಲಿ ತಾಯಿ. ಮಗ ಕಣ್ಣ ಮುಂದೆ ಇರ್ತಾನೆ. ಅದನ್ನ ಬಿಡ್ಬೇಡಿ."

ಹೇಳಿ, ಮತ್ತೆ ಕೂರಲಿಲ್ಲ. ನಾನು ಬಾಗಿಲವರೆಗೂ ಹೋಗಿ ಕಳಿಸಿಕೊಡಲಿಲ್ಲ. ಅಷ್ಟು ಸಿಟ್ಟು ಬಂದಿತ್ತು. ಎರಡು ವರ್ಷ ಅಂಗೈ ತೋರಿಸಿ ತಲೆ ಕೆಡಿಸಿದ ಮನುಷ್ಯ, ನಿಜವಾಗಿ ಹೋಗುವ ಹೊತ್ತಿಗೆ ಕಾಲಿಗೆ ಅಡ್ಡ ಬಂದರಲ್ಲ ಎನ್ನಿಸಿತು. ಇನ್ನೂ ಹೇಳಿಬಿಡುತ್ತೇನೆ, ಹೊಟ್ಟೆಕಿಚ್ಚು ಇರಬೇಕು ಅಂತಲೂ ಅಂದುಕೊಂಡೆ. ಅಮ್ಮ ಅವರ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಸೋಮವಾರ ಬೆಂಗಳೂರಿಗೆ ಹೋಗುವುದು ನಿಂತಿತು. ಅಪ್ಪ ಮತ್ತೆ ಆಷಾಢ ಕಳೆಯಲಿ ಎಂದರು.

ಆಷಾಢ ಕಳೆಯಿತು. ಭೀಮನ ಅಮಾವಾಸ್ಯೆಯ ಹೊತ್ತಿಗೆ ನಾನು ಊಟ ಬಿಟ್ಟು, ಅತ್ತು, ಅಮ್ಮನನ್ನು ಒಪ್ಪಿಸಿದ್ದೆ. ಶ್ರಾವಣದ ಮೊದಲ ಸೋಮವಾರ ಅಪ್ಪನೂ ನಾನೂ ಬೆಂಗಳೂರಿನ ಕಾಲೇಜಿಗೆ ಹೋಗಿ ಸೀಟು ಬಿಡುವ ಅರ್ಜಿ ಕೊಟ್ಟೆವು. ಆಫೀಸಿನ ಗುಮಾಸ್ತರು ವಯಸ್ಸಾದವರು, ಕಡತದಿಂದ ನನ್ನ ಕಾರ್ಡುಗಳನ್ನು ತೆಗೆದು ಕೊಡುತ್ತಾ ಗೊಣಗಿದರು.

"ಬಿಡೋರು ಹತ್ತು ದಿನ ಮುಂಚೆ ಬಂದು ಬಿಡಬಾರದೇನ್ರೀ? ಲಿಸ್ಟ್ ಕ್ಲೋಸ್ ಆಯ್ತು. ಈಗ ಈ ಸೀಟು ಯಾರಿಗೂ ಇಲ್ಲ, ಸುಮ್ನೆ ಖಾಲಿ ಬೀಳುತ್ತೆ. ನಿಮ್ಮ ಕಡೆ ಹುಡುಗೀನೇ ಇತ್ತು, ಮುಂದಿನ ಹೆಸರು ಅದರದೇ. ಅವರಪ್ಪ ಯಾವ್ದೋ ಕಾಲೇಜಲ್ಲಿ ಅಟೆಂಡರಂತೆ, ಯಾರಾದ್ರೂ ಬಿಟ್ರಾ ಸಾರ್ ಅಂತ ಮೂರು ಸಲ ಬಂದು ಇಲ್ಲೇ ನಿಂತಿದ್ರು ಪಾಪ. ಕೈ ತುಂಬಾ ಅದೇನೋ ಔಷಧಿ ವಾಸನೆ."

ಅಪ್ಪನಿಗೆ ಅರ್ಧ ಕೇಳಿಸಲಿಲ್ಲ. ಮಗ್ಗದ ಕಿವಿ. ನನಗೆ ಪೂರ್ತಿ ಕೇಳಿಸಿತು. ಇಸ್ತ್ರಿ ಅಂಗಿ ಹಾಕಿಕೊಂಡು ಅವರು ಯಾಕೆ ಬಂದಿದ್ದರು, "ಬಿಡೋದಾದ್ರೆ" ಎಂಬ ಮಾತಿನ ಮುಂದೆ ಏನಿತ್ತು ಎಂದು ಆ ಕಿಟಕಿಯ ಮುಂದೆ ನಿಂತಲ್ಲೇ ಗೊತ್ತಾಯಿತು. ದೂರ ಹೋಗು ಎಂದರೆ ಸೀಟು ಸ್ವಂತ ಮಗಳಿಗೆ ಬರುತ್ತಿತ್ತು. ಅದಕ್ಕೇ ಆ ಮಾತು ಅವರ ಬಾಯಿಂದ ಹೊರಡಲಿಲ್ಲ. ತನಗೆ ಲಾಭವಾಗುವ ನಿಜವನ್ನು ಹೇಳುವುದಕ್ಕಿಂತ ನಷ್ಟವಾಗುವ ಸುಳ್ಳು ಹೇಳುವುದು ಅವರಿಗೆ ಸುಲಭವಾಗಿತ್ತು.

ಮಾರನೆಯ ದಿನ ಲ್ಯಾಬಿಗೆ ಹೋಗಬೇಕಿತ್ತು. ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ಕಾಲೇಜಿನ ಗೇಟಿನ ಮುಂದೆಯೇ ಬಸ್ಸು ನಿಲ್ಲುತ್ತಿತ್ತು, ನಾನು ಟ್ರಂಕು ಹೊತ್ತುಕೊಂಡು ಹಿಂದಿನ ಸ್ಟಾಪಿನಲ್ಲಿ ಹತ್ತಿದೆ. ಹೇಳದೇ ಕೇಳದೇ ಹೊರಟುಹೋದೆ. ರಜೆಗೆ ಊರಿಗೆ ಬಂದಾಗಲೂ ಆ ರಸ್ತೆಯಲ್ಲಿ ಓಡಾಡುತ್ತಿರಲಿಲ್ಲ. ನಾಚಿಕೆ ಅನ್ನುವುದು ಒಂದು ವರ್ಷ ಹಾಗೇ ಬಿಟ್ಟರೆ ಆಮೇಲೆ ಅಭ್ಯಾಸವಾಗಿಬಿಡುತ್ತದೆ.

ಎಂ.ಬಿ.ಬಿ.ಎಸ್. ಮುಗಿಸಿ ಬಂದ ವರ್ಷ ಸಂತೆಯಲ್ಲಿ ಎದುರಿಗೇ ಸಿಕ್ಕಿಬಿಟ್ಟರು. ತಲೆ ಪೂರ್ತಿ ನರೆತಿತ್ತು, ಕೈಚೀಲದಲ್ಲಿ ಬದನೆಕಾಯಿ. ನಾನು ತಪ್ಪಿಸಿಕೊಳ್ಳುವಷ್ಟರಲ್ಲಿ ಅವರು ನನ್ನ ಬಲಗೈ ಹಿಡಿದು ಬೆರಳುಗಳನ್ನು ತಿರುಗಿಸಿ ನೋಡಿದರು. "ಎಷ್ಟು ಹೊಲಿಗೆ ಹಾಕ್ದೆ ಇಲ್ಲೀಗಂಟ?" ಎಂದು ಕೇಳಿದರು. ಲೆಕ್ಕ ಇಟ್ಟಿಲ್ಲ ಎಂದೆ. "ಸರ್ಜರೀನೇ ತಗೋ. ಬೇರೆ ಏನೂ ತಗೋಬೇಡ" ಎಂದರು. ನಾನು ಮಗಳ ವಿಷಯ ಕೇಳಿದೆ. ಬಿ.ಎಸ್ಸಿ., ಬಿ.ಎಡ್. ಮಾಡಿ ಬೂದಿಗೆರೆ ಹೈಸ್ಕೂಲಿನಲ್ಲಿ ಸೈನ್ಸ್ ಟೀಚರ್ ಆಗಿದ್ದಾಳೆ, ಮಕ್ಕಳು ಅವಳನ್ನು ಕಂಡರೆ ಪ್ರಾಣ ಬಿಡುತ್ತವೆ ಎಂದು ಹೇಳಿಕೊಂಡು ನಕ್ಕರು. ಕ್ಷಮೆ ಕೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇನ್ನೊಂದು ಸಿಗುತ್ತಿರಲಿಲ್ಲ. ನಾನು ಬದನೆಕಾಯಿ ಚೆನ್ನಾಗಿವೆ ಎಂದೆ.

ಹಾಗಾಗಿ, ಅಮ್ಮನ ಫೋನು ಬಂದ ಮುಂದಿನ ಭಾನುವಾರ ನಾನು ಅವರ ಮನೆಗೆ ಹೋದದ್ದು ಸಾವಿನ ಮನೆಯವರನ್ನು ಮಾತಾಡಿಸಿಕೊಂಡು ಬರುವುದಕ್ಕಲ್ಲ, ಹತ್ತು ವರ್ಷದಿಂದ ಬಾಕಿ ಉಳಿದ ಮಾತನ್ನು ಯಾರ ಮುಂದಾದರೂ ಹೇಳುವುದಕ್ಕೆ. ಪಿಂಚಣಿ ಬರತೊಡಗಿದ ಮೇಲೆ ಅವರು ತಮ್ಮ ಊರು ಕುಂದಾಣಕ್ಕೇ ಹೋಗಿ ಅಣ್ಣತಮ್ಮಂದಿರ ಮನೆಗಳ ಪಕ್ಕದಲ್ಲಿ ಎರಡು ಕೋಣೆ ಕಟ್ಟಿಕೊಂಡಿದ್ದರು. ಫೋಟೋಗೆ ಹಾಕಿದ್ದ ಹಾರ ಒಣಗಿತ್ತು. ಹೆಂಡತಿ ಒಳಗೆ ಮಲಗಿದ್ದರು, ಮೈ ಸರಿಯಿರಲಿಲ್ಲ. ನನ್ನನ್ನು ಕೂರಿಸಿದ್ದು ಮಗಳು. ನಾನು ಆಕೆಯನ್ನು ನೋಡಿದ್ದು ಅದೇ ಮೊದಲು. ಅಪ್ಪನದೇ ಕಣ್ಣು, ಕನ್ನಡಕ ಮಾತ್ರ ಇಲ್ಲ.

ಕೊನೆಯ ದಿನಗಳ ಬಗ್ಗೆ ಕೇಳಿದೆ. ಶ್ವಾಸಕೋಶ ಕೆಟ್ಟಿತ್ತಂತೆ, ಆಸ್ಪತ್ರೆಯಲ್ಲಿ ಒಂದು ವಾರ. ಮಾತು ನಿಂತಾಗ ನಾನು, "ಒಂದು ವಿಷಯ ಹೇಳ್ಬೇಕಿತ್ತು ಮೇಡಂ. ಆ ವರ್ಷ ಲಿಸ್ಟಿನಲ್ಲಿ ನಿಮಗೆ ಬರಬೇಕಿದ್ದ ಸೀಟು…" ಎಂದು ಶುರುಮಾಡಿದೆ.

"ನಿಮ್ಮದು. ಗೊತ್ತು" ಎಂದರು ಆಕೆ.

ನನ್ನ ಮುಖ ನೋಡಿ ಅವರಿಗೇ ಕನಿಕರವಾಯಿತೇನೋ, ಮುಂದುವರಿಸಿದರು. "ಆವತ್ತು ಭಾನುವಾರ ನಾನು ವಿಜಯಪುರದಿಂದ ಬಂದಿದ್ದೆ. ಅಪ್ಪನ ಅಂಗಿ ಇಸ್ತ್ರಿ ಮಾಡಿಕೊಟ್ಟೋಳು ನಾನೇ. ಆ ಹುಡುಗ ನನ್ನ ಮಾತು ತೆಗೆದುಹಾಕಲ್ಲ, ದೂರದ್ದೇ ಅವನಿಗೆ ಒಳ್ಳೇದು, ಇದನ್ನ ಈ ವಾರದೊಳಗೆ ಬಿಟ್ಟುಬಿಡಪ್ಪಾ ಅಂತ ಕೇಳ್ಕೊಂಡು ಬರ್ತೀನಿ ಅಂತ ಹೋದ್ರು. ಒಂದು ಗಂಟೆಗೆ ವಾಪಸ್ ಬಂದ್ರು. ಏನಪ್ಪಾ ಅಂದ್ರೆ, ಕೇಳ್ಲಿಲ್ಲ ಕಣಮ್ಮಾ, ಅವರಮ್ಮ ಮೊದ್ಲು ನನ್ನನ್ನೇ ಕೇಳ್ಬಿಟ್ರು ಅಂದ್ರು. ನಿಮ್ಮ ಮಗ ಅಂತ ತಿಳ್ಕೊಂಡು ಹೇಳಿ ಅಂದ್ರಂತೆ. ಹಂಗೆ ಕೈಮುಗಿದು ಕೇಳ್ದೋರ ಹತ್ರ ನಂಗೇನು ಬೇಕು ಅಂತ ಹೆಂಗಮ್ಮಾ ಹೇಳ್ಲಿ ಅಂದ್ರು."

ಮುಂದಿನ ವರ್ಷ ಮತ್ತೆ ಬರೆದಿದ್ದರಂತೆ. ರ‍್ಯಾಂಕು ಇನ್ನೂ ಕೆಳಗೆ ಹೋಯಿತಂತೆ. ಅದನ್ನು ಆಕೆ ಬಸ್ಸು ತಪ್ಪಿದ್ದನ್ನು ಹೇಳುವಷ್ಟೇ ಸಹಜವಾಗಿ ಹೇಳಿದರು. ಆಮೇಲೆ ಫೋಟೋ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ಎಲ್ರೂ ಅಪ್ಪನ್ನ ದೇವರಂಥ ಮನುಷ್ಯ ಅಂತಾರೆ. ಹದಿನೈದು ದಿನದಿಂದ ಅದನ್ನೇ ಕೇಳ್ತಾ ಇದೀನಿ. ನಾನೂ ಹ್ಞೂಂ ಅಂತೀನಿ. ಆದ್ರೆ ನಂಗೆ ಅವರ ಮೇಲೆ ಸಿಟ್ಟಿದೆ. ಸಾಯೋವಾಗ್ಲೂ ಇತ್ತು. ಆಸ್ಪತ್ರೇಲಿ ಪಕ್ಕದಲ್ಲಿ ಕೂತಿದ್ದಾಗ್ಲೂ, ನನಗೋಸ್ಕರ ಒಂದೇ ಒಂದು ಮಾತು ಕೇಳ್ಬೋದಿತ್ತಲ್ಲಪ್ಪಾ ಅಂತಾನೇ ಅನ್ನಿಸ್ತಿತ್ತು. ಅದಕ್ಕೇ ಕೇಳ್ತೀನಿ, ನೀವು ಬೇಜಾರು ಮಾಡ್ಕೋಬಾರ್ದು. ಆವತ್ತು ಅಪ್ಪ ಬಾಯಿ ಬಿಟ್ಟು ಕೇಳಿದ್ದಿದ್ರೆ, ನೀವು ಬಿಟ್ಟುಕೊಡ್ತಿದ್ರಾ?"

ನಾನು ಹತ್ತು ವರ್ಷದಿಂದ ಹೇಳಬೇಕೆಂದುಕೊಂಡಿದ್ದು ಇದನ್ನೇ. ಬಿಡುತ್ತಿದ್ದೆ. ಕುಣಿದುಕೊಂಡು ಬಿಡುತ್ತಿದ್ದೆ. ಆ ಸೀಟು ನನಗೆ ಬೇಕೇ ಇರಲಿಲ್ಲ. ಬಿಡಲು ಒಂದು ನೆಪ ಸಿಕ್ಕಿದ್ದರೆ ಸಾಕಿತ್ತು, ಅವರು ಬಾಯಿ ತೆರೆದಿದ್ದರೆ ಮರುದಿನವೇ ಮೊದಲ ಬಸ್ಸಿಗೆ ಅಪ್ಪನನ್ನು ಎಳೆದುಕೊಂಡು ಹೋಗಿ ಅರ್ಜಿ ಕೊಡಿಸುತ್ತಿದ್ದೆ. ನನಗೆ ಬೇಕಾದದ್ದು ನನಗೆ ಸಿಗುತ್ತಿತ್ತು, ಆಕೆಗೆ ಬೇಕಾದದ್ದು ಆಕೆಗೆ. ಅಡ್ಡವಾದದ್ದು ಅವರಪ್ಪನ ನಾಲಿಗೆಗೆ ಬಾರದ ಒಂದು ಮಾತು ಮಾತ್ರ. ಈ ನಿಜವನ್ನು ಆ ಮನೆಯಲ್ಲಿ, ಆ ಫೋಟೋದ ಮುಂದೆ ಕೂತು ನಾನು ಹೇಗೆ ಹೇಳಲಿ? ಹೇಳಿದರೆ ನನ್ನ ಎದೆಯ ಭಾರ ಇಳಿಯುತ್ತಿತ್ತು, 'ನಾನು ಬಿಡಲು ಸಿದ್ಧನಿದ್ದೆ, ತಪ್ಪು ನನ್ನದಲ್ಲ' ಎಂದು ಎದ್ದು ಬರಬಹುದಿತ್ತು. ಆದರೆ ಆಕೆ ಉಳಿದ ಆಯುಷ್ಯವೆಲ್ಲ ಅಪ್ಪನ ಮೇಲಿನ ಸಿಟ್ಟಿನಲ್ಲೇ ಕಳೆಯಬೇಕಾಗುತ್ತಿತ್ತು.

"ಇಲ್ಲ ಮೇಡಂ" ಎಂದೆ. "ಬಿಡ್ತಿರ್ಲಿಲ್ಲ. ಅವರು ಕೇಳಿದ್ರೂ ಬಿಡ್ತಿರ್ಲಿಲ್ಲ. ಆಗ ನಂಗೆ ಎರಡೂ ಬೇಕಿತ್ತು."

ಆಕೆ ನನ್ನನ್ನೇ ನೋಡಿದರು. ಸುಳ್ಳು ಹಿಡಿದರೇನೋ ಎಂದು ನನಗೆ ಭಯವಾಯಿತು. ಹಿಡಿಯಲಿಲ್ಲ. ಮೆಲ್ಲಗೆ ಕಣ್ಣು ತುಂಬಿಕೊಂಡಿತು, ಸೆರಗಿನಿಂದ ಒತ್ತಿಕೊಂಡರು.

"ಹಂಗಾದ್ರೆ ಅಪ್ಪ ಕೇಳ್ದೇ ಇದ್ದಿದ್ದೇ ಒಳ್ಳೇದಾಯ್ತು. ಕೇಳಿ, ನಿಮ್ಮ ಬಾಯಲ್ಲಿ ಇಲ್ಲ ಅನ್ನಿಸ್ಕೊಂಡು ಬಂದಿದ್ರೆ ಅವರು ತಡ್ಕೊಳ್ತಿರ್ಲಿಲ್ಲ. ನಿಮ್ಮನ್ನ ಕಂಡ್ರೆ ಅಷ್ಟು ಇಷ್ಟ ಇತ್ತು ಅವರಿಗೆ. ನಾನು ಸುಮ್ನೆ ಇಷ್ಟು ದಿನ…" ಎಂದು ನಿಲ್ಲಿಸಿ, ಎದ್ದು ಹೋಗಿ ಫೋಟೋದ ಒಣಗಿದ ಹಾರವನ್ನು ತೆಗೆದು, ಅದರ ಗಾಜನ್ನು ಸೆರಗಿನಿಂದ ಬಹಳ ಹೊತ್ತು ಒರೆಸಿದರು.

ತಿರುಗಿದಾಗ ಆಕೆಯ ಮುಖ ಹಗುರಾಗಿತ್ತು. ಆದರೆ ನನ್ನ ಕಡೆ ನೋಡುವ ಕಣ್ಣು ಬೇರೆಯಾಗಿತ್ತು. ಊಟದ ಹೊತ್ತಾಗಿತ್ತು. ಒಳಗೆ ಸಾರು ಕುದಿಯುವ ವಾಸನೆ ಬರುತ್ತಿತ್ತು. ನಮ್ಮ ಕಡೆ ಆ ಹೊತ್ತಿನಲ್ಲಿ ಬಂದವರನ್ನು ಉಣ್ಣದೆ ಕಳಿಸುವುದಿಲ್ಲ. ಆಕೆ ಊಟಕ್ಕೆ ಏಳಿ ಎನ್ನಲಿಲ್ಲ. ನಾನು ಬರ್ತೀನಿ ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡೆ.